ಬೀಳ್ಕೊಟ್ಟ ಮೇಲಿನ ಸೋಮವಾರ

ನಕ್ಕಿದ್ದು ಮೊದಲೋ, ಮಗಳನ್ನು ನೋಡಿದ್ದು ಮೊದಲೋ ಎಂಬುದು ದಫೇದಾರನಿಗೆ ಸೋಮವಾರ ಬೆಳಿಗ್ಗೆ ಠಾಣೆಯ ಮೆಟ್ಟಿಲು ಹತ್ತುವಾಗಲೂ ಬಗೆಹರಿದಿರಲಿಲ್ಲ. ಶನಿವಾರ ಸಂಜೆ ಅವನು ಅಡುಗೆಮನೆಯ ಬಾಗಿಲಿಗೆ ಒರಗಿ ಫೋನನ್ನು ಕಿವಿಗೆ ಒತ್ತಿಕೊಂಡಿದ್ದ. ಆ ಕಡೆ ಠಾಣೆಯ ಕಾಗದಪತ್ರವನ್ನೆಲ್ಲ ನೋಡಿಕೊಳ್ಳುವ ರೈಟರ್. "ಅಣ್ಣಾ, ಆರ್ಡರ್ ಬಂದ್ಬಿಡ್ತು. ನಿವೃತ್ತಿ ವಯಸ್ಸು ಐವತ್ತೆಂಟರಿಂದ ಅರವತ್ತಕ್ಕೆ. ಈ ತಿಂಗಳು ಹೋಗೋರಿಗೂ ಸೇರಿಸಿ. ನೀವೆಲ್ಲೂ ಹೋಗೋ ಹಾಗಿಲ್ಲ, ಸೋಮವಾರ ಬಂದು ಡ್ಯೂಟಿ ಮಾಡಿ," ಎಂದಿದ್ದ. ದಫೇದಾರ ನಕ್ಕ. ಗಂಭೀರವಾದ, ವಯಸ್ಸಿಗೆ ತಕ್ಕ ನಗೆಯಲ್ಲ. ಹಲ್ಲು ಕಿಸಿದು, ತೊಡೆ ತಟ್ಟಿಕೊಂಡು ನಕ್ಕ. ಒಂದು ಸಣ್ಣ ಹೆಜ್ಜೆ ಕುಣಿದಂತೆಯೂ ನೆನಪು, ಅದನ್ನು ಮಾತ್ರ ತನ್ನೊಳಗೂ ಒಪ್ಪಿಕೊಳ್ಳಲು ಅವನು ತಯಾರಿರಲಿಲ್ಲ. ಹಿತ್ತಲ ಮೆಟ್ಟಿಲ ಮೇಲೆ ಮಗಳು, ದಿನದ ಓಟದ ಅಭ್ಯಾಸ ಮುಗಿಸಿ ಬಂದವಳು, ಬೂಟಿನ ದಾರ ಬಿಚ್ಚುತ್ತ ಕೂತಿದ್ದಳು. ತಲೆಯೆತ್ತಿ ಅವನ ಮುಖ ನೋಡಿದಳು. ಏನು ಸಮಾಚಾರವೆಂದು ಕೇಳಿದಳು. ಅವನು ಹೇಳಿದ. "ಒಳ್ಳೇದಾಯ್ತಲ್ಲಪ್ಪ," ಎಂದು ಮತ್ತೆ ದಾರಕ್ಕೆ ಕೈಹಾಕಿದಳು. ಅವಳು ಅಲ್ಲಿದ್ದಾಳೆಂದು ತಿಳಿದೂ ನಕ್ಕಿದ್ದರೆ ತಾನು ನೀಚ. ನಕ್ಕ ಮೇಲೆ ಅವಳು ಕಣ್ಣಿಗೆ ಬಿದ್ದಿದ್ದರೆ ಬರೀ ಪೆದ್ದ. ಪೆದ್ದನಾಗಲು ಅವನಿಗೆ ಅಡ್ಡಿಯೇನೂ ಇರಲಿಲ್ಲ, ಆದರೆ ಖಾತ್ರಿಯಾಗಬೇಕಲ್ಲ. ಮೂವತ್ತೆಂಟು ವರ್ಷ ಮಂದಿಯ ಹೇಳಿಕೆ ಬರೆದುಕೊಂಡು, ಯಾವುದು ಮೊದಲು ಯಾವುದು ಆಮೇಲೆ ಸರಿಯಾಗಿ ಹೇಳು ಎಂದು ಗದರಿಸಿದವನು ತನ್ನದೇ ಒಂದು ನಗೆಯ ಹಿಂದುಮುಂದು ಗೊತ್ತಾಗದೆ ಎರಡು ದಿನದಿಂದ ಒದ್ದಾಡುತ್ತಿದ್ದ.

ವಿಷಯ ಬಹಳ ಸರಳವಾಗಿತ್ತು, ಅದಕ್ಕೇ ತಪ್ಪಿಸಿಕೊಳ್ಳಲು ಸಂದಿಯಿರಲಿಲ್ಲ. ಒಬ್ಬ ದಫೇದಾರ ನಿವೃತ್ತನಾದರೆ ಒಬ್ಬ ಪೇದೆ ಮೇಲೇರಿ ದಫೇದಾರನಾಗುತ್ತಾನೆ. ಪೇದೆಯ ಜಾಗ ಖಾಲಿ ಬೀಳುತ್ತದೆ. ಆ ಜಾಗಕ್ಕೆ, ಪರೀಕ್ಷೆ ಪಾಸಾಗಿ ಕಾಯುತ್ತಿರುವವರ ಪಟ್ಟಿಯಿಂದ ಮೊದಲ ಹೆಸರನ್ನು ಕರೆಯುತ್ತಾರೆ. ಪಟ್ಟಿಯ ಮೊದಲ ಹೆಸರು ಮಗಳದು. ಸೇರುವ ದಿನ ಇಪ್ಪತ್ತೆಂಟು ತುಂಬಿರಬಾರದು ಎಂಬುದು ನಿಯಮ. ಅವಳಿಗೆ ತುಂಬಲು ಇನ್ನು ನಾಲ್ಕು ತಿಂಗಳು. ಅಷ್ಟರೊಳಗೆ ನಿವೃತ್ತನಾಗಬೇಕಾಗಿದ್ದವನು ಅವಳ ಅಪ್ಪನೊಬ್ಬನೇ. ಆರ್ಡರ್ ಮಾಡಿದ ದೊಡ್ಡವರು ಹೋಗುವವರ ವಯಸ್ಸನ್ನು ಎರಡು ವರ್ಷ ಮುಂದಕ್ಕೆ ತಳ್ಳಿ, ಬರುವವರ ವಯಸ್ಸನ್ನು ಇದ್ದಲ್ಲೇ ಬಿಟ್ಟಿದ್ದರು. ಹೀಗಾಗಿ ಒಂದೇ ಸಂಜೆಯಲ್ಲಿ ಆ ಮನೆಯ ಐವತ್ತೆಂಟರ ಅಪ್ಪ ಹುಡುಗನಾದ, ಇಪ್ಪತ್ತೇಳರ ಮಗಳು ಮುದುಕಿಯಾದಳು. ಆರ್ಡರಿನ ಕೊನೆಯಲ್ಲಿ ಒಂದು ಸಾಲು ಇತ್ತು: ಹೊಸ ವಯಸ್ಸು ಬೇಡವೆನ್ನುವವರು ತಿಂಗಳ ಕಡೆಯ ದಿನ ಸಂಜೆ ಐದರೊಳಗೆ ಬರೆದುಕೊಡಬಹುದು. ತಿಂಗಳ ಕಡೆಯ ದಿನವೆಂದರೆ ಇವತ್ತು.

ಒಳಗೆ ಕಾಲಿಟ್ಟಾಗ ಪ್ಯಾಂಟು ಸಡಿಲವಾಗಿ, ಬೆಲ್ಟಿಲ್ಲದ್ದು ನೆನಪಾಯಿತು. ಬೆಲ್ಟು, ಟೋಪಿ, ಸೀಟಿ, ಲಾಠಿ ಎಲ್ಲವನ್ನೂ ಶುಕ್ರವಾರವೇ ಸ್ಟೋರಿಗೆ ಒಪ್ಪಿಸಿ ರಸೀದಿ ತೆಗೆದುಕೊಂಡಿದ್ದ. ವಿದಾಯ ಸಮಾರಂಭವೂ ಶುಕ್ರವಾರವೇ ಮುಗಿದುಹೋಗಿತ್ತು, ಯಾಕೆಂದರೆ ಸೋಮವಾರ ಇನ್ಸ್‌ಪೆಕ್ಟರಿಗೆ ಮೇಲಿನವರ ಸಭೆಯಿತ್ತು. ಸ್ಟೋರಿನವನು ರಸೀದಿ ತೋರಿಸದೆ ಬೆಲ್ಟು ಕೊಡುವುದಿಲ್ಲ ಎಂದ. ರಸೀದಿ ಮನೆಯಲ್ಲಿತ್ತು. "ಹದಿನೈದು ವರ್ಷದಿಂದ ನನ್ನ ಮುಖ ನೋಡ್ತಿದ್ದೀಯಲ್ಲೋ," ಎಂದು ದಫೇದಾರ ರೇಗಿದ. "ಮುಖಕ್ಕೆ ಬೆಲ್ಟು ಹಾಕಲ್ಲವಲ್ಲ ಅಣ್ಣಾ," ಎಂದು ಅವನು ಬಹಳ ವಿನಯದಿಂದ ಹೇಳಿದ. ದಫೇದಾರ ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡು, ಬೆನ್ನುನೋವಿನವರ ಹಾಗೆ ತನ್ನ ಮೇಜಿನ ಕಡೆ ನಡೆದ. ಅಲ್ಲಿ ಉದ್ದಣ್ಣ ಕೂತಿದ್ದ. ಉದ್ದಣ್ಣನೆಂದರೆ ಇವತ್ತಿನಿಂದ ದಫೇದಾರನಾಗಬೇಕಾಗಿದ್ದ ಪೇದೆ. ಠಾಣೆಯ ಬಾಗಿಲು ಬಗ್ಗದೆ ದಾಟಲಾಗದಷ್ಟು ಉದ್ದ. ಅವನು ಆಗಲೇ ಮೇಜನ್ನು ಒರೆಸಿ, ಡ್ರಾಯರಿಗೆ ಹೊಸ ಕಾಗದ ಹಾಸಿ, ತನ್ನ ಬಾಚಣಿಗೆ, ತನ್ನ ಚಹಾದ ಲೋಟ, ಅವಳಿ ಮಕ್ಕಳ ಫೋಟೋ ಇಟ್ಟುಕೊಂಡಿದ್ದ. ದಫೇದಾರನನ್ನು ಕಂಡು ಎದ್ದು ನಿಂತ. "ಬನ್ನಿ ಅಣ್ಣಾ, ಕೂತ್ಕೊಳ್ಳಿ," ಎನ್ನುತ್ತ ಫೋಟೋಕ್ಕೆ ಕೈಹಾಕಿದ. ಮಕ್ಕಳು ಫೋಟೋದಲ್ಲಿ ಹಲ್ಲಿಲ್ಲದೆ ನಗುತ್ತಿದ್ದವು. "ಇರ್ಲಿ ಬಿಡೋ," ಎಂದು ದಫೇದಾರ ದೂರು ಕೊಡಲು ಬಂದವರು ಕೂರುವ ಬೆಂಚಿನ ಮೇಲೆ ಕೂತ. ಅಲ್ಲಿಂದ ಠಾಣೆ ಬೇರೆಯದೇ ತರ ಕಾಣುತ್ತದೆ ಎಂದು ಅವನಿಗೆ ಇಷ್ಟು ವರ್ಷವಾದರೂ ಗೊತ್ತಿರಲಿಲ್ಲ. ಎಲ್ಲರ ಮುಖವೂ ಕೌಂಟರಿನ ಮೇಲೆ ಅರ್ಧರ್ಧ ಕಾಣಿಸುತ್ತಿತ್ತು, ಮತ್ತು ಆ ಅರ್ಧ ಮುಖಗಳೆಲ್ಲ ನಗು ತಡೆದುಕೊಳ್ಳುತ್ತಿದ್ದವು.

ನಗುವುದಕ್ಕೆ ಕಾರಣವನ್ನು ಅವನೇ ಒದಗಿಸಿದ್ದ. ಶುಕ್ರವಾರ ಕೈಗೆ ಮೈಕು ಕೊಟ್ಟಿದ್ದರು. ಇನ್ಸ್‌ಪೆಕ್ಟರ್, ವಯಸ್ಸಿನಲ್ಲಿ ಅವನ ಮಗನಾಗಬಹುದಾದವನು, ದಫೇದಾರನ ಶೌರ್ಯವನ್ನು ಹೊಗಳಿ, ಇಡೀ ಊರಿಗೇ ಗೊತ್ತಿರುವ ಆ ಓಟವನ್ನು ಮತ್ತೆ ಹೇಳಿದ್ದ: ಇಪ್ಪತ್ತೆರಡು ವರ್ಷದ ಹಿಂದೆ ಸರಗಳ್ಳನನ್ನು ಬಸ್ ನಿಲ್ದಾಣದಿಂದ ಗೋದಾಮಿನ ಬೀದಿಯವರೆಗೆ ಅಟ್ಟಿಸಿಕೊಂಡು ಹೋಗಿ ಹಿಡಿದದ್ದು. ಆ ಓಟಕ್ಕೆ ಪದಕ ಬಂದಿತ್ತು. ಹೊಸಬರಿಗೆಲ್ಲ ತರಬೇತಿಯಲ್ಲಿ ಹೇಳುತ್ತಿದ್ದ ಕಥೆಯದು. ಆರಾಮ ಕುರ್ಚಿಯೊಂದನ್ನು ಉಡುಗೊರೆಯೆಂದು ಪಕ್ಕದಲ್ಲೇ ತಂದಿಟ್ಟಿದ್ದರು. ಹೇಗೂ ಹೋಗುತ್ತಿದ್ದೇನೆ, ಇನ್ನೆಂದೂ ಈ ಮುಖಗಳ ಎದುರು ನಿಲ್ಲಬೇಕಾಗಿಲ್ಲ ಎಂಬ ಧೈರ್ಯವೋ, ಕಣ್ಣು ಒದ್ದೆಯಾಗಿ ಮನಸ್ಸು ಮೆತ್ತಗಾಗಿದ್ದಕ್ಕೋ, ದಫೇದಾರ ನಿಜ ಹೇಳಿಬಿಟ್ಟ. "ಅವನನ್ನ ನಾನು ಹಿಡೀಲಿಲ್ಲ. ಅವನ ಚಪ್ಪಲಿ ಕಿತ್ತೋಯ್ತು, ಅವನೇ ನಿಂತ್ಕೊಂಡ. ನಾನು ಅವನ ಹತ್ರ ಹೋಗೋಷ್ಟರಲ್ಲಿ ಉಸಿರು ಸಿಗದೆ ಕಟ್ಟೆ ಮೇಲೆ ಕೂತುಬಿಟ್ಟೆ. ಅವನೇ ಬಂದು, ಸಾರ್ ನೀರು ಬೇಕಾ ಅಂದ." ಸಭೆ ಚಪ್ಪಾಳೆ ತಟ್ಟಿತು. ಎಂಥ ಸರಳ ಮನುಷ್ಯ, ಎಂದು ರೈಟರ್ ಕಣ್ಣೊರೆಸಿಕೊಂಡ. ಹೋಗುವ ಮನುಷ್ಯನ ಬಾಯಲ್ಲಿ ಆ ಮಾತು ಸರಳತೆಯಾಗಿತ್ತು. ಸೋಮವಾರ ಮರಳಿ ಬಂದವನ ಬೆನ್ನ ಹಿಂದೆ ಅದೇ ಮಾತು ಬೇರೆ ಬಣ್ಣ ತಾಳಿತ್ತು. ಬೆಂಚಿನ ಮೇಲೆ ಕೂತು ಐದು ನಿಮಿಷವಾಗಿರಲಿಲ್ಲ, ನಿನ್ನೆ ಮೊನ್ನೆ ಸೇರಿದ ಪೇದೆಯೊಬ್ಬಳು ಬಂದು, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡದಂತೆ, "ಅಣ್ಣಾ, ನೀರು ಬೇಕಾ?" ಎಂದಳು. ಅವನು ಬೇಡ ಎಂದ. ಹನ್ನೊಂದರೊಳಗೆ ಇನ್ನೂ ನಾಲ್ವರು ಬಂದು ಕೇಳಿದರು.

ಹನ್ನೊಂದಕ್ಕೆ ಪೋಸ್ಟ್ ಮಾಸ್ತರು ಬಂದರು. ಅವರು ನಿವೃತ್ತರಾಗಿ ಆರು ವರ್ಷವಾಗಿತ್ತು, ಆರು ವರ್ಷದಿಂದಲೂ ಪ್ರತಿ ಸೋಮವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ತಮ್ಮ ಬೀದಿಯ ದೀಪದ ಬಗ್ಗೆ ದೂರು ಕೊಡಲು ಬರುತ್ತಿದ್ದರು. ದೀಪ ಸರಿಯಿದ್ದ ವಾರ, ಅದು ಹಗಲಲ್ಲೂ ಉರಿಯುತ್ತದೆ ಎಂದು ದೂರು. ದೀಪ ಠಾಣೆಯ ಕೆಲಸವಲ್ಲವೆಂದು ಹೇಳಿ ಹೇಳಿ ಸಾಕಾಗಿ ಈಗ ಯಾರೂ ಹೇಳುತ್ತಿರಲಿಲ್ಲ. ಅವರು ಅಭ್ಯಾಸಬಲದಿಂದ ಬೆಂಚಿನ ಮೇಲೆ ದಫೇದಾರನ ಪಕ್ಕ ಕೂತು, ಯಾರ ಹತ್ತಿರ ಮಾತಾಡುತ್ತಿದ್ದೇನೆಂದು ನೋಡದೆ, "ನಿಮ್ದೇನು ದೂರು?" ಎಂದು ಕೇಳಿದರು. ದಫೇದಾರ ಇಸ್ತ್ರಿ ಮಾಡಿದ ಆ ಅಂಗಿಯನ್ನು ನೋಡಿದ. ಶುಕ್ರವಾರ ಸಂಜೆ ಆರಾಮ ಕುರ್ಚಿಯನ್ನು ಆಟೋದಲ್ಲಿ ಹಾಕಿಕೊಂಡು ಮನೆಗೆ ಹೋದ ಮೇಲೆ ಅದನ್ನು ಎಲ್ಲಿಡುವುದೆಂದು ಇಡೀ ಮನೆ ಹುಡುಕಿದ್ದ. ಕಿಟಕಿಯ ಹತ್ತಿರ ಹೆಂಡತಿಯ ಹೊಲಿಗೆ ಯಂತ್ರ, ಬಾಗಿಲ ಹತ್ತಿರ ಮಗಳ ಸೈಕಲ್ಲು. ಕಡೆಗೆ ಸ್ನಾನದ ಮನೆಗೆ ಹೋಗುವ ದಾರಿಯಲ್ಲಿ ಇಟ್ಟು, ಅದರಲ್ಲಿ ಕೂತು, ಮನೆಯ ಇಬ್ಬರೂ ತನ್ನ ಮೊಣಕಾಲು ಬಳಸಿಕೊಂಡು ಓಡಾಡುವುದನ್ನು ನೋಡಿದ್ದ. ಇನ್ನು ಸಾಯುವವರೆಗೆ ಇವರು ಹೀಗೇ ನನ್ನನ್ನು ಬಳಸಿಕೊಂಡು ಹೋಗುತ್ತಾರೆ ಎಂದು ಅನ್ನಿಸಿ ಅಳು ಬಂದಿತ್ತು. ಶನಿವಾರದ ನಗೆಗೆ ಬೇರು ಅಲ್ಲಿತ್ತು, ಅದು ಮಗಳ ವಿರುದ್ಧದ ನಗೆಯಾಗಿರಲಿಲ್ಲ. ಹಾಗೆಂದು ಮಗಳಿಗೆ ಯಾರು ಹೇಳಬೇಕು? ಭಾನುವಾರ ಹೆಂಡತಿಯ ಹತ್ತಿರ ಹೇಳಲು ಹೋದರೆ ಅವಳು ಸೂಜಿಗೆ ದಾರ ಪೋಣಿಸುತ್ತ, "ನೀವು ಮನೇಲಿ ಕೂತ್ರೆ ನಂಗೆ ಕಷ್ಟ ರೀ. ಅವಳಿಗೆ ಕೆಲಸ ತಪ್ಪಿದ್ರೆ ಅವಳಿಗೆ ಕಷ್ಟ. ಎರಡು ಕಷ್ಟದಲ್ಲಿ ನಂದು ಚಿಕ್ಕದು. ನಿಮ್ದು ಎಷ್ಟು ದೊಡ್ಡದು ಅಂತ ನೀವೇ ಅಳೆದ್ಕೊಳ್ಳಿ," ಎಂದಿದ್ದಳು. ಅಳೆಯುವುದು ಅವಳ ಕಸುಬು. ದಫೇದಾರ ಎದ್ದು ಪೋಸ್ಟ್ ಮಾಸ್ತರ ದೂರು ಬರೆದುಕೊಂಡ. ವಯಸ್ಸು ಎಷ್ಟು ಎಂದು ಕೇಳಿದಾಗ ಅವರು, "ದೀಪಕ್ಕಾ, ನನಗಾ?" ಎಂದರು.

ಅವರು ಹೋದ ಮೇಲೆ, ಉದ್ದಣ್ಣ ಹೊರಗೆ ಹೋಗಿದ್ದ ಹೊತ್ತು ನೋಡಿ, ದಫೇದಾರ ತನ್ನ ಹಳೆಯ ಮೇಜಿನ ಮುಂದೆ ಕೂತು ಒಂದು ಬಿಳಿ ಹಾಳೆ ತೆಗೆದ. ಅವಳಿ ಮಕ್ಕಳ ಫೋಟೋ ಎದುರಿಗಿತ್ತು. ಹೊಸ ವಯಸ್ಸು ತನಗೆ ಬೇಡ, ಹಳೆಯ ವಯಸ್ಸಿನಂತೆ ಇವತ್ತೇ ಬಿಡುಗಡೆ ಮಾಡಬೇಕೆಂದು ಕೋರುತ್ತೇನೆ, ಎಂದು ಮೂರು ಸಾಲಿನಲ್ಲಿ ಬರೆದು ಸಹಿ ಮಾಡಿದ. ಇಷ್ಟು ಸುಲಭವೇ ಎಂದು ಅವನಿಗೆ ಆಶ್ಚರ್ಯವಾಯಿತು, ತನ್ನ ಬಗ್ಗೆ ಗೌರವವೂ ಹುಟ್ಟಿತು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಎದೆಯ ಜೇಬಿನಲ್ಲಿಟ್ಟ. ರೈಟರನ ಮೇಜು ಎಂಟು ಹೆಜ್ಜೆ ದೂರ. ಆದರೆ ಇಂಥದ್ದನ್ನು ಥಟ್ಟನೆ ಕೊಟ್ಟುಬಿಟ್ಟರೆ ಅದರ ತೂಕ ಯಾರಿಗೂ ತಿಳಿಯುವುದಿಲ್ಲ. ಸಂಜೆ ಮನೆಗೆ ಹೋಗಿ ಹೇಳುವುದನ್ನು ಮೊದಲು ಮನಸ್ಸಿನಲ್ಲೇ ಹೇಳಿ ನೋಡಿದ. ಮಗಳು ತಟ್ಟೆಯಿಂದ ಕೈಯೆತ್ತಿ ಹಾಗೇ ಕೂತುಬಿಡುತ್ತಾಳೆ. ಹೆಂಡತಿ ಯಂತ್ರ ನಿಲ್ಲಿಸುತ್ತಾಳೆ. ಅವನು, ಅದೇನು ಮಹಾ, ಅಪ್ಪನಾದವನು ಮಾಡಬೇಕಾದ್ದೇ, ಎಂದು ನೀರು ಕುಡಿಯಲು ಎದ್ದುಹೋಗುತ್ತಾನೆ. ನೀರು ಕುಡಿಯುವುದು ಬೇಡ, ಬೇರೇನಾದರೂ ಮಾಡುತ್ತಾನೆ. ಈ ದೃಶ್ಯವನ್ನು ಅವನು ಮೂರು ಸಲ ಹೊಸದಾಗಿ ಆಡಿ ನೋಡಿದ, ಪ್ರತಿ ಸಲವೂ ಮಗಳು ಸ್ವಲ್ಪ ಹೆಚ್ಚು ಅತ್ತಳು.

ಊಟದ ನಂತರ ರೈಟರನ ಮೇಜಿನ ಪಕ್ಕ ಮೊದಲ ಸಲ ಹಾದುಹೋದ. ರೈಟರ್ ಫೋನಿನಲ್ಲಿದ್ದ. ಎರಡನೆಯ ಸಲ ರೈಟರ್ ಬಿಡುವಾಗಿಯೇ ಕೂತು ಕಿವಿಯನ್ನು ಬೆಂಕಿಕಡ್ಡಿಯಿಂದ ಕೆರೆಯುತ್ತಿದ್ದ. ಕಿವಿ ಕೆರೆಯುವ ಮನುಷ್ಯನಿಗೆ ಮೂವತ್ತೆಂಟು ವರ್ಷದ ನೌಕರಿ ಒಪ್ಪಿಸಲು ಮನಸ್ಸು ಬರಲಿಲ್ಲ. ಮೂರನೆಯ ಸಲ ರೈಟರ್ ತಾನಾಗೇ ತಲೆಯೆತ್ತಿ, "ಏನಣ್ಣಾ, ಏನಾದ್ರೂ ಕೊಡೋದಿತ್ತಾ?" ಎಂದ. "ನಿನ್ ಹತ್ರ ಗುಂಡುಪಿನ್ನು ಇದೆಯೇನೋ?" ಎಂದು ಕೇಳಿ, ಬೇಡದ ಗುಂಡುಪಿನ್ನು ತೆಗೆದುಕೊಂಡು ಬೆಂಚಿಗೆ ಮರಳಿದ. ಅವನು ಕೆಲಸಕ್ಕೆ ಸೇರಿದ ದಿನ ಇದೇ ಬೆಂಚಿನ ಮೇಲೆ ಒಬ್ಬ ಮುದುಕ ದಫೇದಾರ ಕೂತು ಬೂಟು ಬಿಚ್ಚುತ್ತಿದ್ದ, ಅವತ್ತು ಅವನ ಕೊನೆಯ ದಿನ. ಇಪ್ಪತ್ತರ ಹುಡುಗ ಹೊಸ ಟೋಪಿಯನ್ನು ಗಾಜಿನ ಬಾಗಿಲಲ್ಲಿ ನೋಡಿಕೊಳ್ಳುತ್ತ ನಿಂತಿದ್ದ. ಮುದುಕ ಏನೋ ಹೇಳಿದ್ದ, ಹುಡುಗ ಕೇಳಿಸಿಕೊಂಡಿರಲಿಲ್ಲ. ಈಗ ಅದೇನೆಂದು ನೆನೆಸಿಕೊಳ್ಳಲು ನೋಡಿದರೆ ಬರೀ ಟೋಪಿ ನೆನಪಾಗುತ್ತದೆ, ಅದು ಎಷ್ಟು ಚೆನ್ನಾಗಿ ಕೂತಿತ್ತು ಎಂಬುದು. ಆ ಮನುಷ್ಯನ ಮುಖವನ್ನೇ ನಾನು ನೋಡಲಿಲ್ಲವಲ್ಲ ಎಂದು ದಫೇದಾರನಿಗೆ ನಾಚಿಕೆಯಾಯಿತು. ನಾಚಿಕೆಯ ಜೊತೆಗೇ, ಹಾಗಾದರೆ ನನ್ನ ಮುಖವನ್ನೂ ಯಾರೂ ನೋಡುವುದಿಲ್ಲ ಎಂಬ ಸಿಟ್ಟು. ಜೇಬನ್ನು ಮುಟ್ಟಿ ನೋಡಿದ. ನಾಲ್ಕನೆಯ ಸಲ ಏಳಬೇಕು ಎಂದುಕೊಂಡು ಕೂತೇ ಇದ್ದ. ಗೋಡೆಯ ಗಡಿಯಾರ ನಾಲ್ಕು ದಾಟಿತು. ಐದು ತಾನಾಗೇ ದಾಟಿಹೋದರೆ ಯಾರನ್ನೂ ದೂರುವಂತಿಲ್ಲ, ಕೆಲಸದ ಗಡಿಬಿಡಿಯಲ್ಲಿ ಮರೆತೇಹೋಯಿತು ಎನ್ನಬಹುದು ಎಂಬ ಯೋಚನೆ ಎಲ್ಲಿಂದಲೋ ಬಂತು. ಅದನ್ನು ಅವನು ಓಡಿಸಲಿಲ್ಲ.

ನಾಲ್ಕೂವರೆ ಕಳೆದ ಮೇಲೆ ಮಗಳು ಬಂದಳು. ಕೆಲಸ ಮಾಡುವ ಕೊರಿಯರ್ ಅಂಗಡಿಯ ಹಳದಿ ಅಂಗಿಯಲ್ಲೇ ಇದ್ದಳು, ಬೆರಳಿಗೆ ಅಂಟುಪಟ್ಟಿಯ ತುಂಡೊಂದು ಅಂಟಿಕೊಂಡಿತ್ತು. ಕೌಂಟರಿನ ಎದುರು ನಿಂತು ಉದ್ದಣ್ಣನನ್ನು, "ನಮ್ಮಪ್ಪ ಇದ್ದಾರಾ?" ಎಂದು ಕೇಳಿದಳು. ಉದ್ದಣ್ಣ ಬೆಂಚಿನ ಕಡೆ ಕೈ ತೋರಿಸಿದ. ಅಪ್ಪ ಮಗಳು ಹಿಂದಿನ ಅಂಗಳಕ್ಕೆ ಹೋಗಿ, ಹಿಡಿದು ತಂದು ನಿಲ್ಲಿಸಿದ ಸ್ಕೂಟರುಗಳ ನಡುವೆ ನಿಂತರು.

"ಅಪ್ಪಾ, ಒಂದು ಕೇಳ್ಲಾ?"

"ಕೇಳು."

"ನೀನು ಹೋಗ್ಬಿಡು."

"ಎಲ್ಲಿಗೆ?" ಎಂದ ದಫೇದಾರ.

"ಮನೆಗೆ. ಬರೆದುಕೊಟ್ಟು ಮನೆಗೆ ಬಾ. ನಂಗೆ ಆ ಕೆಲಸ ಬೇಕು. ನೀನಾಗೇ ಏನಾದ್ರೂ ಹೇಳ್ತೀಯೇನೋ ಅಂತ ಎರಡು ದಿನ ನೋಡ್ದೆ. ನೀನು ಕುರ್ಚಿನ ಅಲ್ಲಿಂದಿಲ್ಲಿಗೆ ಎಳೀತಾ ಇದ್ದೆ. ಬಾಯಿಬಿಟ್ಟು ಕೇಳ್ದೆ ಇದ್ರೆ ಜೀವನಪೂರ್ತಿ ಒಳಗೊಳಗೇ ನಿನ್ನನ್ನ ಬೈಕೊಂಡಿರ್ತೀನಿ. ಅದಕ್ಕಿಂತ ಕೇಳೋದೇ ವಾಸಿ ಅನ್ನಿಸ್ತು."

ದಫೇದಾರನಿಗೆ ಬಹಳ ನೋವಾಯಿತು. ಕೊಡಬೇಕೆಂದು ಬೆಳಗಿನಿಂದ ಜೋಪಾನ ಮಾಡಿದ್ದನ್ನು ಅವಳು ಸಾಲಗಾರನ ಹತ್ತಿರ ಕೇಳುವಂತೆ ಕೇಳಿಬಿಟ್ಟಿದ್ದಳು. ಕೈಯೆತ್ತಿ ಹಾಗೇ ಕೂತುಬಿಡುವ ಮಗಳು, ನಿಂತುಹೋಗುವ ಹೊಲಿಗೆ ಯಂತ್ರ, ಎಲ್ಲ ಅಲ್ಲೇ ಮುಗಿಯಿತು. ಇನ್ನು ಕೊಟ್ಟರೂ ಅದು ಕೇಳಿಸಿಕೊಂಡು ಕೊಟ್ಟದ್ದು. ಒಂದು ಗಂಟೆ ತಡೆದುಕೊಳ್ಳಬಾರದಿತ್ತೇ ಇವಳು? ಅವನು ಮುಖ ಸಣ್ಣದು ಮಾಡಿಕೊಂಡು, ಪದಕ ಕಸಿದುಕೊಂಡವರ ಎದುರು ನಿಂತಂತೆ ನಿಂತು, ಜೇಬಿನಿಂದ ಹಾಳೆ ತೆಗೆದು ಅವಳ ಕೈಗಿಟ್ಟ. "ನೀನು ಕೇಳೋಕೆ ಮುಂಚೇನೇ ಬರೆದಾಗಿದೆ. ನೋಡು. ಅಪ್ಪನ್ನ ಏನಂದ್ಕೊಂಡಿದ್ದೀಯ?"

ಅವಳು ಮಡಿಕೆ ಬಿಚ್ಚಿ ಓದಿದಳು. ಓದಿ ಮುಗಿದ ಮೇಲೂ ಕಣ್ಣು ಕೆಳಗೇ ಇತ್ತು. ಪೊಲೀಸಿನವರು ಏನು ಬರೆದರೂ ಸಹಿಯ ಕೆಳಗೆ ತಾರೀಖು, ತಾರೀಖಿನ ಪಕ್ಕ ವೇಳೆ ಹಾಕುತ್ತಾರೆ. ಹಾಕಿದ್ದು ಅವರಿಗೇ ಗೊತ್ತಾಗುವುದಿಲ್ಲ, ಕೈ ತಾನೇ ಹಾಕುತ್ತದೆ.

"ಹನ್ನೆರಡು ಹತ್ತಕ್ಕೆ ಬರೆದಿದ್ದೀಯ," ಎಂದಳು.

"ಹೂಂ."

"ಈಗ ನಾಲ್ಕು ನಲವತ್ತು."

ದಫೇದಾರ ಸ್ಕೂಟರೊಂದರ ಸೀಟಿನ ಧೂಳನ್ನು ಬೆರಳಿಂದ ಒರೆಸಿದ. ಅವಳ ದನಿ ಮೆತ್ತಗಾಯಿತು. "ರೈಟರ್ ಅಂಕಲ್ ಇರ್ಲಿಲ್ವಾ?" ಎಂದಳು. ಅವಳು ಅವನಿಗೊಂದು ದಾರಿ ಬಿಟ್ಟುಕೊಡುತ್ತಿದ್ದಳು, ಅದು ಅವನಿಗೂ ತಿಳಿಯಿತು. ಇಲ್ಲ ಎಂದರೆ ಸಾಕಿತ್ತು, ಅಪ್ಪ ದೊಡ್ಡವನಾಗಿಯೇ ಉಳಿಯುತ್ತಿದ್ದ.

"ಇದ್ದ. ಮೂರು ಸಲ ಅವನ ಮುಂದೇನೇ ಹೋಗಿ ಬಂದೆ," ಎಂದ ದಫೇದಾರ. "ಒಂದ್ಸಲ ಗುಂಡುಪಿನ್ನು ಇಸ್ಕೊಂಡು ಬಂದೆ. ನೀನು ಬರದೇ ಇದ್ದಿದ್ರೆ ಐದು ದಾಟಿಸಿಬಿಡ್ತಿದ್ದೆ ಪುಟ್ಟೀ. ನಂಗೆ ಹೋಗೋಕೆ ಮನಸ್ಸಿಲ್ಲ. ಸ್ವಲ್ಪಾನೂ ಇಲ್ಲ."

"ಗೊತ್ತು," ಎಂದಳು ಮಗಳು. "ಅದಕ್ಕೇ ಒಂದು ಗಂಟೆ ಮುಂಚೆ ಕೇಳ್ಕೊಂಡು ಬಂದೆ."

ಅವಳು ಹಾಳೆಯನ್ನು ಬಂದ ಮಡಿಕೆಯಲ್ಲೇ ಮಡಿಸಿ ಹಿಂದಕ್ಕೆ ಕೊಟ್ಟಳು. ತಾನು ಬರುವುದಿಲ್ಲ, ನೀನೇ ಹೋಗಿ ಕೊಟ್ಟು ಬಾ, ಇಲ್ಲೇ ಇರುತ್ತೇನೆ ಎಂದಳು. ದಫೇದಾರ ಒಂದು ಕೈಯಲ್ಲಿ ಕಾಗದ, ಇನ್ನೊಂದು ಕೈಯಲ್ಲಿ ಸೊಂಟ ಹಿಡಿದುಕೊಂಡು ಒಳಗೆ ಹೋದ. ರೈಟರ್ ಹಾಳೆಯನ್ನು ಎರಡು ಸಲ ಓದಿ, ಅವನ ಮುಖ ನೋಡಿ, ಮತ್ತೆ ಹಾಳೆ ನೋಡಿದ. "ಕಾರಣ ಬರೆದಿಲ್ಲವಲ್ಲ ಅಣ್ಣಾ," ಎಂದಷ್ಟೇ ಹೇಳಿದ. "ಕಾರಣ ಇಲ್ದೆ ಮೇಲೆ ತಗೊಳ್ಳಲ್ಲ. ಎಲ್ರೂ ಅನಾರೋಗ್ಯ ಅಂತ ಬರೀತಾರೆ. ನೀವೂ ಹಾಗೇ ಬರೆದ್ಬಿಡಿ."

ದಫೇದಾರ ಅವನ ಪೆನ್ನು ತೆಗೆದುಕೊಂಡು ಬಗ್ಗಿದ. ಅನಾರೋಗ್ಯ ಎಂದು ಬರೆಯಬಹುದಿತ್ತು. ಮಗಳಿಗಾಗಿ ಎಂದೂ ಬರೆಯಬಹುದಿತ್ತು, ಅದು ಓದಲು ಚೆನ್ನಾಗಿಯೂ ಇರುತ್ತಿತ್ತು, ಯಾರಾದರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಅವನು ಸಹಿಯ ಕೆಳಗೆ ಉಳಿದಿದ್ದ ಜಾಗದಲ್ಲಿ ದುಂಡಗಿನ ಅಕ್ಷರದಲ್ಲಿ, ಮಗಳು ಬಂದು ಕೇಳಿದಳು, ಎಂದು ಬರೆದ. ಪಕ್ಕದಲ್ಲಿ ವೇಳೆ ಹಾಕಿದ, ನಾಲ್ಕು ಐವತ್ತೆರಡು.